ಬೆಟ್ಟದ ತುದಿಯ ರಿಪೀಟರ್‌ಗೆ ಡ್ಯುಯಲ್ ಬ್ಯಾಂಡ್ ಆಂಟೆನಾ: ಉದ್ದ ನೋಡಬೇಡಿ, ಗಟ್ಟಿತನ ನೋಡಿ

ಬೆಟ್ಟದ ಮೇಲೆ ರಿಪೀಟರ್ (ದೂರದಿಂದ ಬಂದ ಸಣ್ಣ ಸಿಗ್ನಲ್ ಕೇಳಿ ಅದನ್ನೇ ಜೋರಾಗಿ ಮತ್ತೆ ಕಳಿಸುವ ರೇಡಿಯೊ) ಹಾಕಲು ಹೊರಟ ಪ್ರತಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಗುಂಪಿನಲ್ಲೂ ಒಂದು ಮಾತು ಬಂದೇ ಬರುತ್ತದೆ. "ಇಷ್ಟು ಕಷ್ಟಪಟ್ಟು ಹತ್ತುತ್ತೇವೆ, ಇರೋದ್ರಲ್ಲಿ ದೊಡ್ಡ ಆಂಟೆನಾನೇ ಹಾಕಿಬಿಡೋಣ." ನಾವೂ ಹಾಗೇ ಮಾಡಿದೆವು. ತುಂಡು ತುಂಡಾಗಿ ಬರುವ, ಜೋಡಿಸಿ ಏರಿಸುವ ಉದ್ದನೆಯ ಬಿಳಿ ಫೈಬರ್‌ಗ್ಲಾಸ್ ಆಂಟೆನಾ. ಡ್ಯುಯಲ್ ಬ್ಯಾಂಡ್, ಅಂದರೆ ವಿಹೆಚ್‌ಎಫ್ (145 ಮೆಗಾಹರ್ಟ್ಜ್ ಆಸುಪಾಸು, 2 ಮೀಟರ್ ಬ್ಯಾಂಡ್ ಅನ್ನುವುದೂ ಇದನ್ನೇ) ಮತ್ತು ಯುಹೆಚ್‌ಎಫ್ (435 ಆಸುಪಾಸು) ಎರಡಕ್ಕೂ ಒಂದೇ ಕೋಲು. ಏಪ್ರಿಲ್‌ನಲ್ಲಿ ಏರಿಸಿದೆವು. ಎರಡು ತಿಂಗಳು ಬಹಳ ಚೆನ್ನಾಗಿ ಕೇಳಿಸಿತು.

ಆರಿದ್ರಾ ಮಳೆ ಹಿಡಿಯಿತು. ಗಾಳಿ ಬೀಸಿದಾಗಲೆಲ್ಲ ರಿಪೀಟರ್‌ನಲ್ಲಿ ಚರಚರ ಸದ್ದು ಶುರುವಾಯಿತು, ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ಹತ್ತಿರದವರು ಮಾತಾಡಿದರೆ ಏನೂ ಇಲ್ಲ. ದೂರದಿಂದ ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ಚಿಕ್ಕ ರೇಡಿಯೊ) ಮಾತಾಡುವವರ ದನಿ ಮಾತ್ರ ತುಂಡು ತುಂಡು. ಎಸ್‌ಡಬ್ಲ್ಯುಆರ್ (ಕಳಿಸಿದ ಪವರ್ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತಿದೆ ಅನ್ನುವ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) ನೋಡಿದರೆ 1.3. ಮೀಟರ್ ಪ್ರಕಾರ ಎಲ್ಲ ಸರಿ. ಕಳಿಸುವುದನ್ನೂ ಕೇಳುವುದನ್ನೂ ಬೇರೆ ಮಾಡುವ ಫಿಲ್ಟರ್ ಡಬ್ಬಿಯಾದ ಡುಪ್ಲೆಕ್ಸರ್ ಮೇಲೆ ಅನುಮಾನ ಬಂತು, ಅದನ್ನು ಬಿಚ್ಚಿ ಮತ್ತೆ ಟ್ಯೂನ್ ಮಾಡಿದೆವು. ರೇಡಿಯೊ ಬದಲಾಯಿಸಿದೆವು. ಪವರ್ ಸಪ್ಲೈ ಬದಲಾಯಿಸಿದೆವು. ಕೊನೆಗೆ ಮಳೆ ನಿಂತ ಮೇಲೆ ಆಂಟೆನಾವನ್ನೇ ಇಳಿಸಿ, ಮನೆ ಅಂಗಳದಲ್ಲಿ ಉದ್ದಕ್ಕೆ ಮಲಗಿಸಿ ಬಿಚ್ಚಿದೆವು. ಎರಡನೇ ಜೋಡಣೆಯಿಂದ ಒಂದೆರಡು ಚಮಚ ನೀರು ಸುರಿಯಿತು. ಒಳಗಿನ ಹಿತ್ತಾಳೆ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಎರಡು ತುಂಡುಗಳನ್ನು ಹಿಡಿದುಕೊಳ್ಳಬೇಕಾದ ಚಿಕ್ಕ ಅಲೆನ್ ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು.

ಒಂದು ಸ್ಕ್ರೂ. ಅದಕ್ಕಾಗಿ ಇಡೀ ಮಳೆಗಾಲ ರಿಪೀಟರ್ ಕೆಲಸಕ್ಕೆ ಬರಲಿಲ್ಲ. ನಮ್ಮ ಕಡೆ ಗುಡ್ಡ ಕುಸಿಯುವುದು, ಕರೆಂಟು ಹೋಗುವುದು, ಮೊಬೈಲ್ ಟವರ್ ಸಾಯುವುದು ಎಲ್ಲ ಮಳೆಗಾಲದಲ್ಲೇ ಅಲ್ವಾ? ರಿಪೀಟರ್ ಬೇಕಾಗುವುದೂ ಆಗಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಹ್ಯಾದ್ರಿಯ ಯಾವುದಾದರೂ ಬೆಟ್ಟದ ಮೇಲೆ ಆಂಟೆನಾ ಹಾಕುವವರು ಕೊಳ್ಳುವ ಮೊದಲು ಏನೇನು ನೋಡಬೇಕು, ಏಕೆ ನೋಡಬೇಕು ಅಂತ.

ರಿಪೀಟರ್ ಆಂಟೆನಾ ಬೇರೆ ಜಾತಿ

ಮನೆ ಮಾಳಿಗೆಯ ಆಂಟೆನಾ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ನೀವು ಮಾತಾಡುವಾಗ ಕಳಿಸುತ್ತದೆ, ಸುಮ್ಮನಿದ್ದಾಗ ಕೇಳುತ್ತದೆ. ರಿಪೀಟರ್ ಆಂಟೆನಾ ಎರಡನ್ನೂ ಒಟ್ಟಿಗೇ ಮಾಡಬೇಕು. 2 ಮೀಟರ್ ಬ್ಯಾಂಡಿನಲ್ಲಿ ಕೇಳುವ ಫ್ರೀಕ್ವೆನ್ಸಿಗೂ ಕಳಿಸುವ ಫ್ರೀಕ್ವೆನ್ಸಿಗೂ ನಡುವೆ ಬರೀ 600 ಕಿಲೋಹರ್ಟ್ಜ್ ಅಂತರ. ಒಂದು ಕಡೆ 25 ವ್ಯಾಟ್ ಹೊರಗೆ ಹೋಗುತ್ತಿರುತ್ತದೆ. ಅದೇ ಕ್ಷಣ ಅದೇ ಕಂಬಿಯ ಮೇಲೆ ಕಣಿವೆಯಿಂದ ಬರುವ ಸಿಗ್ನಲ್ ಆ 25 ವ್ಯಾಟಿನ ಕೋಟಿಯ ಕೋಟಿ ಪಾಲಿಗಿಂತ ಚಿಕ್ಕದು. ಡುಪ್ಲೆಕ್ಸರ್ ಇವೆರಡನ್ನೂ ಬೇರೆ ಮಾಡುತ್ತದೆ. ಆದರೆ ಡುಪ್ಲೆಕ್ಸರ್ ಆದ ಮೇಲೆ, ಆಂಟೆನಾ ಒಳಗೇ ಸದ್ದು ಹುಟ್ಟಿದರೆ ಅದು ಏನು ಮಾಡೀತು? ಆ ಸದ್ದು ಕೇಳುವ ಫ್ರೀಕ್ವೆನ್ಸಿಯ ಮೇಲೇ ಬಿದ್ದರೆ ಯಾವ ಫಿಲ್ಟರ್ ಕೂಡ ಅದನ್ನು ತೆಗೆಯಲಾರದು.

ಸದ್ದು ಹುಟ್ಟುವುದು ಸಡಿಲ ಜೋಡಣೆಗಳಲ್ಲಿ. ಎರಡು ಲೋಹ ಅರೆಬರೆ ತಾಗುತ್ತಿರುವ ಕಡೆ, ನಡುವೆ ತುಕ್ಕೋ ಕಿಲುಬೋ ಕೂತ ಕಡೆ ಅದು ಚಿಕ್ಕ ಡಯೋಡಿನ ಹಾಗೆ ವರ್ತಿಸುತ್ತದೆ. ಪವರ್ ಹರಿದಾಗ ಕಿಡಿ, ಗರಗರ, ಬೇಡದ ಫ್ರೀಕ್ವೆನ್ಸಿಗಳು. ಗಾಳಿಗೆ ಆಂಟೆನಾ ಬಾಗಿದಾಗಲೆಲ್ಲ ಜೋಡಣೆ ಅಲ್ಲಾಡುತ್ತದೆ, ಸದ್ದು ಬಂದು ಹೋಗಿ ಮಾಡುತ್ತದೆ. ಎಸ್‌ಡಬ್ಲ್ಯುಆರ್ ಮೀಟರ್‌ಗೆ ಇದು ಕಾಣುವುದೇ ಇಲ್ಲ. ನಮ್ಮ 1.3 ಇದೇ ಕಾರಣಕ್ಕೆ ನಮಗೆ ಮೋಸ ಮಾಡಿದ್ದು.

ಹಾಗಾಗಿ ಕೊಳ್ಳುವಾಗ ಮೊದಲ ಪ್ರಶ್ನೆ ಗೇನ್ ಎಷ್ಟು ಅಂತಲ್ಲ. ಒಳಗೆ ಎಷ್ಟು ಜೋಡಣೆ ಇದೆ, ಅವು ಬೆಸುಗೆ ಹಾಕಿದವೋ ಸ್ಕ್ರೂ ಹಾಕಿದವೋ ಅಂತ ಕೇಳಿ. ಒಂದೇ ತುಂಡಿನ ಆಂಟೆನಾ ಎರಡು ತುಂಡಿನದಕ್ಕಿಂತ ಒಳ್ಳೆಯದು, ಎರಡು ತುಂಡಿನದು ಮೂರು ತುಂಡಿನದಕ್ಕಿಂತ ಒಳ್ಳೆಯದು. ಕೊರಿಯರ್‌ನಲ್ಲಿ ಕಳಿಸಲು ಅನುಕೂಲ ಅಂತ ತುಂಡು ಮಾಡುತ್ತಾರೆ, ಬೆಟ್ಟದ ಗಾಳಿಗಾಗಿ ಅಲ್ಲ.

ಗೇನ್ ಬೆಟ್ಟವೇ ಕೊಟ್ಟಿದೆ

ಒಂದು ಲೆಕ್ಕ ಮಾಡೋಣ. ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1930 ಮೀಟರ್. ಚಿಕ್ಕಮಗಳೂರು ಪೇಟೆ ಸುಮಾರು 1090 ಮೀಟರ್. ನೇರ ಗೆರೆ ಎಳೆದರೆ ನಡುವಿನ ದೂರ ಹತ್ತಿರ ಹತ್ತಿರ 10 ಕಿಲೋಮೀಟರ್. ಅಂಥ ತುದಿಯ ಮೇಲೆ ಆಂಟೆನಾ ಇದೆ ಅಂದುಕೊಳ್ಳಿ. ಅಲ್ಲಿಂದ ನೋಡಿದರೆ ಪೇಟೆ ಸುಮಾರು 5 ಡಿಗ್ರಿ ಕೆಳಗೆ ಕಾಣುತ್ತದೆ. ಬುಡದ ಹಳ್ಳಿಗಳು, ಐದಾರು ಕಿಲೋಮೀಟರ್ ಒಳಗಿನವು, 8ರಿಂದ 10 ಡಿಗ್ರಿ ಕೆಳಗೆ.

ಗೇನ್ ಅಂದರೆ ಹೆಚ್ಚುವರಿ ಪವರ್ ಅಲ್ಲ. ಇರುವ ಪವರನ್ನೇ ಚಪಾತಿ ಹಾಗೆ ಲಟ್ಟಿಸುವುದು. ಜಾಸ್ತಿ ಲಟ್ಟಿಸಿದಷ್ಟೂ ದೂರಕ್ಕೆ ಹರಡುತ್ತದೆ, ತೆಳ್ಳಗೂ ಆಗುತ್ತದೆ. 5.2 ಮೀಟರ್ ಉದ್ದದ ವರ್ಗದ ಡ್ಯುಯಲ್ ಬ್ಯಾಂಡ್ ಆಂಟೆನಾಗಳಿಗೆ ಯುಹೆಚ್‌ಎಫ್‌ನಲ್ಲಿ 11.7 ಡಿಬಿಐ ಗೇನ್ ಅಂತ ಬರೆದಿರುತ್ತಾರೆ (ಡಿಬಿ ಅಂದರೆ ಎಷ್ಟು ಪಟ್ಟು ಅನ್ನುವ ಅಳತೆ, 3 ಡಿಬಿ ಅಂದರೆ ಸುಮಾರು ಎರಡು ಪಟ್ಟು; ಡಿಬಿಐ ಅಂದರೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಗೆ ಹೋಲಿಸಿದ ಗೇನ್). ಅದರ ಬೀಮ್ ಮೇಲೆ ಕೆಳಗೆ ಸೇರಿ ಬರೀ 7 ಡಿಗ್ರಿ ಆಗುತ್ತದೆ. ನಡುಗೆರೆಯಿಂದ ಕೆಳಕ್ಕೆ ಮೂರೂವರೆ. ಪೇಟೆ ಇರುವುದು 5 ಡಿಗ್ರಿ ಕೆಳಗೆ! ಅಲ್ಲಿಗೆ ತಲುಪುವಾಗ ಐದಾರು ಡಿಬಿ ಕಡಿಮೆಯಾಗಿರುತ್ತದೆ. ಬುಡದ ಹಳ್ಳಿಗಳು ಬೀಮಿನ ಆಚೆಯ ಸತ್ತ ಜಾಗದ ಹತ್ತಿರವೇ ಬಿದ್ದುಬಿಡುತ್ತವೆ. ಬೆಟ್ಟ ಕಣ್ಣೆದುರಿಗೇ ಕಾಣುತ್ತದೆ, ರಿಪೀಟರ್ ಮಾತ್ರ ಏಳುವುದಿಲ್ಲ. ಎಷ್ಟೋ ಜನ ಹೇಳುವ ದೂರು ಇದೇ.

ಈಗ ಚಿಕ್ಕದನ್ನು ನೋಡಿ. ಡೈಮಂಡ್ ಎಕ್ಸ್50 ಥರದ 1.7 ಮೀಟರ್ ಉದ್ದದ್ದು. ವಿಹೆಚ್‌ಎಫ್‌ನಲ್ಲಿ 4.5 ಡಿಬಿಐ, ಯುಹೆಚ್‌ಎಫ್‌ನಲ್ಲಿ 7.2 ಡಿಬಿಐ. ಯುಹೆಚ್‌ಎಫ್ ಬೀಮ್ ಸುಮಾರು 20 ಡಿಗ್ರಿ ಅಗಲ. 5 ಡಿಗ್ರಿ ಕೆಳಗೆ ಒಂದು ಡಿಬಿಯೂ ಕಳೆಯುವುದಿಲ್ಲ. ಲೆಕ್ಕ ಹಾಕಿದರೆ ಪೇಟೆಯಲ್ಲಿ ಚಿಕ್ಕದೂ ದೊಡ್ಡದೂ ಸರಿಸಮ. ಬುಡದಲ್ಲಿ ಚಿಕ್ಕದೇ ಗೆಲ್ಲುತ್ತದೆ. ದೊಡ್ಡದು ಗೆಲ್ಲುವುದು ದಿಗಂತದ ಹತ್ತಿರ, ಅದೂ ನಾಲ್ಕೂವರೆ ಡಿಬಿ.

ಆ ದಿಗಂತ ಎಷ್ಟು ದೂರ ಗೊತ್ತಾ? ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ವರ್ಗಮೂಲ ಮಾಡಿ, 4.12ರಿಂದ ಗುಣಿಸಿ. ಸುತ್ತಲಿನ ನೆಲಕ್ಕಿಂತ 840 ಮೀಟರ್ ಎತ್ತರಕ್ಕೆ ಸುಮಾರು 120 ಕಿಲೋಮೀಟರ್ ಬರುತ್ತದೆ. ನಡುವೆ ಬೇರೆ ಬೆಟ್ಟ ಅಡ್ಡ ಬಾರದಿದ್ದರೆ ಅಷ್ಟು. ಊರ ಮಾಳಿಗೆ ಮೇಲೆ 20 ಮೀಟರ್ ಕಂಬ ಹಾಕಿದರೆ ಸಿಗುವುದು 18 ಕಿಲೋಮೀಟರ್. ಅಂದರೆ ಊರಲ್ಲಿ ಯಾವ ಗೇನ್ ಕೊಂಡರೂ ಸಿಗದ ದೂರವನ್ನು ಬೆಟ್ಟ ಪುಕ್ಕಟೆ ಕೊಟ್ಟಿದೆ. ಅದರ ಮೇಲೆ ಇನ್ನೊಂದು ನಾಲ್ಕು ಡಿಬಿಗಾಗಿ ಮೂರು ತುಂಡಿನ ಕೋಲನ್ನು ಗಾಳಿಗೆ ಒಡ್ಡುವುದು ನನ್ನ ಮಟ್ಟಿಗೆ ಬೇಡದ ವ್ಯಾಪಾರ.

ಗೇನ್ ಓದುವಾಗ ಇನ್ನೊಂದು ಎಚ್ಚರ. ಕೆಲವರು ಡಿಬಿಐನಲ್ಲಿ ಬರೆಯುತ್ತಾರೆ, ಕೆಲವರು ಸಾದಾ ಡೈಪೋಲ್ ಆಂಟೆನಾಗೆ ಹೋಲಿಸಿ ಡಿಬಿಡಿಯಲ್ಲಿ. ನಡುವೆ 2.15 ವ್ಯತ್ಯಾಸ. 6 ಡಿಬಿಡಿ ಅಂದರೆ 8.15 ಡಿಬಿಐ. ಬರೀ "ಡಿಬಿ" ಅಂತ ಬರೆದು ಸುಮ್ಮನಾದರೆ ಆ ಸಂಖ್ಯೆಯನ್ನು ನಂಬಬೇಡಿ.

ಗಾಳಿಯ ಲೆಕ್ಕ ಕೈಯಲ್ಲೇ ಮಾಡಬಹುದು

ಇದನ್ನು ಯಾರೂ ಮಾಡುವುದಿಲ್ಲ, ದಯವಿಟ್ಟು ನೀವು ಮಾಡಿ. ಭಾರತದ ಗಾಳಿ ಲೆಕ್ಕದ ಮಾನದಂಡ ಐಎಸ್ 875, ಭಾಗ 3. ಅದರಲ್ಲಿ ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಇದು ಬಯಲಿನ ಲೆಕ್ಕ. ಬೆಟ್ಟದ ತುದಿಗೆ ಗಾಳಿ ಹಿಂಡಿಕೊಂಡು ಬರುತ್ತದೆ, ಅದಕ್ಕೆ ಅದೇ ಮಾನದಂಡದಲ್ಲಿ 1.36ರವರೆಗೆ ಗುಣಕ ಇದೆ. 33ನ್ನು 1.36ರಿಂದ ಗುಣಿಸಿದರೆ 45. 39ನ್ನು ಗುಣಿಸಿದರೆ 53. ಉಳಿದ ಗುಣಕಗಳನ್ನು ಬಿಟ್ಟೇ ಇಷ್ಟು.

ಈಗ ಆಂಟೆನಾ ಕಾಗದ ತೆಗೆದು ನೋಡಿ. 5.2 ಮೀಟರ್ ವರ್ಗದವುಗಳಲ್ಲಿ ತಡೆಯುವ ಗಾಳಿವೇಗ ಸೆಕೆಂಡಿಗೆ 40 ಮೀಟರ್ ಅಂತ ಇರುತ್ತದೆ. 1.7 ಮೀಟರ್ ಎಕ್ಸ್50ಗೆ 60 ಮೀಟರ್. ಅಂದರೆ ಉದ್ದದ್ದು ನಂದಿಬೆಟ್ಟದಂಥ ಜಾಗಕ್ಕೂ ಲೆಕ್ಕದಲ್ಲೇ ಸೋಲುತ್ತದೆ, ಘಟ್ಟದ ಅಂಚಿನ ಮಾತು ಬಿಡಿ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ 0.6 ಗುಣಿಸಿದಷ್ಟು, ಚದರ ಮೀಟರಿಗೆ ಇಷ್ಟು ನ್ಯೂಟನ್ ಅಂತ. 45 ಮೀಟರ್ ವೇಗಕ್ಕೆ 1215. ಉದ್ದದ ಆಂಟೆನಾ ಸರಾಸರಿ 5 ಸೆಂಟಿಮೀಟರ್ ದಪ್ಪ ಇದೆ ಅಂತ ಇಟ್ಟುಕೊಳ್ಳಿ, ದುಂಡು ಆಕಾರಕ್ಕೆ 1.2ರಿಂದ ಗುಣಿಸಿ. ಸುಮಾರು 38 ಕೆಜಿ ತೂಕದಷ್ಟು ತಳ್ಳು ಬೀಳುತ್ತದೆ. ಅದೂ ನಡುಮಧ್ಯದಲ್ಲಿ, ಬುಡದ ಕ್ಲಾಂಪಿನಿಂದ ಎರಡೂವರೆ ಮೀಟರ್ ಮೇಲೆ. ಒಬ್ಬ ಹುಡುಗ ಕೋಲಿನ ನಡುವೆ ಜೋತು ಬಿದ್ದು ಜೀಕುತ್ತಿರುವ ಹಾಗೆ. ಚಿಕ್ಕದು ಮೂರೂವರೆ ಸೆಂಟಿಮೀಟರ್ ದಪ್ಪ ಅಂದುಕೊಂಡರೆ ಅದಕ್ಕೆ ಬರುವುದು 9 ಕೆಜಿ, ಒಂದು ಮೀಟರಿಗಿಂತ ಕಡಿಮೆ ಎತ್ತರದಲ್ಲಿ. ಬುಡವನ್ನು ಬಾಗಿಸುವ ಒತ್ತಡ ಉದ್ದದ್ದಕ್ಕೆ ಹದಿಮೂರು ಪಟ್ಟು ಜಾಸ್ತಿ. ಇದು ಒಂದು ಹೊಡೆತದ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಸಾವಿರಾರು ಸಲ ಬಾಗಿ ನೆಟ್ಟಗಾಗುವುದೇ ಸ್ಕ್ರೂಗಳನ್ನು ಸಡಿಲ ಮಾಡುವುದು.

ವಿದೇಶಿ ಬರಹಗಳನ್ನು ಓದಿದರೆ ಅರ್ಧ ಮಾತು ಹಿಮದ ಬಗ್ಗೆ ಇರುತ್ತದೆ. ನಮಗೆ ಅದರ ಗೊಡವೆ ಇಲ್ಲ. ನಮ್ಮ ಶತ್ರುಗಳು ನೀರು, ಗಾಳಿ, ಬಿಸಿಲು, ಸಿಡಿಲು. ಮತ್ತೆ ಮಂಗ.

ಯಾವ ಥರದ್ದು ಕೊಳ್ಳಬೇಕು

ನನ್ನ ಆಯ್ಕೆಯನ್ನು ನೇರವಾಗಿ ಹೇಳುತ್ತೇನೆ. ಟವರ್‌ನಲ್ಲಿ ಎರಡು ಆಂಟೆನಾಗೆ ಜಾಗವೂ ಕೈಯಲ್ಲಿ ದುಡ್ಡೂ ಇದ್ದರೆ, ಡ್ಯುಯಲ್ ಬ್ಯಾಂಡ್ ಬಿಟ್ಟುಬಿಡಿ. ವಿಹೆಚ್‌ಎಫ್‌ಗೆ ಒಂದು, ಯುಹೆಚ್‌ಎಫ್‌ಗೆ ಒಂದು ಫೋಲ್ಡೆಡ್ ಡೈಪೋಲ್ ಹಾಕಿ. ಅಲ್ಯೂಮಿನಿಯಂ ಕೊಳವೆಯನ್ನು ಬಳೆ ಹಾಗೆ ಉದ್ದಕ್ಕೆ ಬಗ್ಗಿಸಿ, ನಡುಕಂಬಕ್ಕೆ ಬೆಸೆದಿರುತ್ತಾರಲ್ಲ, ಪೊಲೀಸ್ ಸ್ಟೇಷನ್ ಟವರ್ ಮೇಲೆ ನೋಡಿರುತ್ತೀರಿ, ಅದೇ. ಒಳಗೆ ಬಚ್ಚಿಟ್ಟ ಜೋಡಣೆ ಇಲ್ಲ. ನೀರು ನಿಲ್ಲುವ ಜಾಗ ಇಲ್ಲ. ಇಡೀ ಲೋಹ ಕಂಬದ ಮೂಲಕ ನೆಲಕ್ಕೆ ಸೇರಿರುತ್ತದೆ. ನಾಲ್ಕು ಡೈಪೋಲ್ ಇರುವ ವಿಹೆಚ್‌ಎಫ್ ಸೆಟ್ಟನ್ನು ಕಂಬದ ಸುತ್ತ ಹಂಚಿದರೆ ಎಲ್ಲ ದಿಕ್ಕಿಗೂ 6 ಡಿಬಿಡಿ, ನಾಲ್ಕನ್ನೂ ಒಂದೇ ಕಡೆಗೆ ತಿರುಗಿಸಿದರೆ ಆ ಕಡೆಗೆ 9 ಡಿಬಿಡಿ ಹತ್ತಿರ ಬರುತ್ತದೆ. ಘಟ್ಟದ ಅಂಚಿನಲ್ಲಿದ್ದು ಒಂದು ಬದಿ ಬರೀ ಕಾಡು ಅಂತಿದ್ದರೆ ಇದು ಬಹಳ ಉಪಯೋಗ. ಬೆಟ್ಟಕ್ಕೆ ನಾಲ್ಕು ಬೇಕೆಂದೂ ಇಲ್ಲ, ಎರಡು ಸಾಕು.

ಹಳೆಯ ಕಮರ್ಷಿಯಲ್ ಡೈಪೋಲ್ ಅಗ್ಗಕ್ಕೆ ಸಿಕ್ಕಿತು ಅಂತ ಕಣ್ಣು ಮುಚ್ಚಿ ತರಬೇಡಿ. ಬಹಳಷ್ಟು 150 ಮೆಗಾಹರ್ಟ್ಜ್ ಮೇಲಕ್ಕೆ ಮಾಡಿದವು. ನಮಗೆ ಬೇಕಿರುವುದು 144ರಿಂದ 146. ಆಂಟೆನಾ ಯಾವ ಫ್ರೀಕ್ವೆನ್ಸಿಗೆ ಹೊಂದುತ್ತದೆ ಅಂತ ಗೆರೆ ಎಳೆದು ತೋರಿಸುವ ಚಿಕ್ಕ ಉಪಕರಣ ನ್ಯಾನೋವಿಎನ್‌ಎ ಹಿಡಿದು ನೋಡಿಯೇ ದುಡ್ಡು ಕೊಡಿ.

ಆದರೆ ಬೆಟ್ಟದ ಮೇಲೆ ಸಾಮಾನ್ಯವಾಗಿ ಸಿಗುವುದು ಬೇರೆಯವರ ಟವರ್‌ನಲ್ಲಿ ಒಂದು ಮೂಲೆ, ಒಂದು ಕೇಬಲ್‌ಗೆ ಅನುಮತಿ. ಆಗ ಡ್ಯುಯಲ್ ಬ್ಯಾಂಡೇ ದಾರಿ. ಅದರಲ್ಲಿ ಒಂದೇ ತುಂಡಿನ, ಎರಡು ಮೀಟರ್ ಒಳಗಿನ ಫೈಬರ್‌ಗ್ಲಾಸ್ ಕೋಲು ಹುಡುಕಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಒಳಗೆ ಕಟಕಟ ಅಂದರೆ ವಾಪಸ್ ಇಡಿ. ಒಳಗಿನ ಕಂಬಿ ಕೊಳವೆಗೆ ಬಡಿಯದ ಹಾಗೆ ಫೋಮ್ ತುಂಬಿದೆಯೇ ಕೇಳಿ. ಬುಡದ ಲೋಹದ ತೋಳು ಎಷ್ಟು ಉದ್ದ ಇದೆ ನೋಡಿ, ಯಾಕಂದರೆ ಕ್ಲಾಂಪ್ ಹಿಡಿಯುವುದು ಅಲ್ಲೇ, ಎರಡು ಕ್ಲಾಂಪ್ ಒಂದು ಗೇಣು ಅಂತರದಲ್ಲಾದರೂ ಕೂರಬೇಕು. ರೇಡಿಯಲ್‌ಗಳು, ಅಂದರೆ ಬುಡದಲ್ಲಿ ಚಾಚಿಕೊಂಡ ಮೂರು ಕಡ್ಡಿಗಳು, ಬರೀ ತಿರುಪಿ ಹಾಕಿದ್ದೋ ಲಾಕ್ ನಟ್ ಇದೆಯೋ ನೋಡಿ. ಒಂದು ರೇಡಿಯಲ್ ಸಡಿಲವಾದರೂ ಅದೇ ಚರಚರ ಶುರು. ನಂದಿಬೆಟ್ಟಕ್ಕೆ ಹೋದವರಿಗೆ ಗೊತ್ತು, ಅಲ್ಲಿನ ಮಂಗಗಳು ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತವೆ. ರೇಡಿಯಲ್ ಅವಕ್ಕೆ ಉಯ್ಯಾಲೆ.

ಕನೆಕ್ಟರ್ ಎನ್ ಟೈಪ್ ಇರಲಿ. ಸಾಮಾನ್ಯ ಎಸ್‌ಒ239 ಒಳಗೆ ನೀರು ತಡೆಯುವ ರಬ್ಬರ್ ಇರುವುದಿಲ್ಲ, ಯುಹೆಚ್‌ಎಫ್‌ಗೂ ಅದು ಸರಿಹೊಂದುವುದಿಲ್ಲ. ಒಂದೇ ಮಾದರಿ ಎರಡು ಕನೆಕ್ಟರ್‌ಗಳಲ್ಲಿ ಬರುತ್ತಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಎನ್ ತೆಗೆದುಕೊಳ್ಳಿ.

ಮತ್ತೊಂದು, ಮಲ್ಟಿಮೀಟರ್ ಜೇಬಿನಲ್ಲಿರಲಿ. ಕನೆಕ್ಟರ್‌ನ ನಡುವಿನ ಪಿನ್ನಿಗೂ ಹೊರಗಿನ ಲೋಹಕ್ಕೂ ಹಚ್ಚಿ. ಸೊನ್ನೆ ಓಮ್ ತೋರಿಸಿದರೆ "ಅಯ್ಯೋ, ಶಾರ್ಟ್" ಅಂತ ಗಾಬರಿ ಬೇಡ. ಅದು ಡಿಸಿ ಗ್ರೌಂಡ್ ಆಗಿರುವ ಆಂಟೆನಾ. ಮೋಡ ಕವಿದಾಗ, ಒಣ ಗಾಳಿ ಬೀಸಿದಾಗ ಕೂಡುವ ಸ್ಥಾಯೀ ವಿದ್ಯುತ್ತು ನೆಲಕ್ಕೆ ಹರಿದುಹೋಗುತ್ತದೆ, ನಿಮ್ಮ ರಿಸೀವರ್ ಒಳಗೆ ಹೋಗುವುದಿಲ್ಲ. ಬೆಟ್ಟಕ್ಕೆ ಇಂಥದ್ದೇ ಬೇಕು.

ನಮ್ಮ ಬ್ಯಾಂಡು, ಮೂರರ ಮಗ್ಗಿ

ಭಾರತದಲ್ಲಿ ಹ್ಯಾಮ್‌ಗಳಿಗೆ ಇರುವುದು 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಜ್. ಅಮೆರಿಕದ ರಿಪೀಟರ್‌ಗಳು ಯುಹೆಚ್‌ಎಫ್‌ನಲ್ಲಿ 440ರ ಮೇಲಿವೆ. ಅಲ್ಲಿಗೆ ಅಂತ ಟ್ಯೂನ್ ಮಾಡಿದ ಮಾದರಿ ನಮ್ಮ 435ಕ್ಕೆ ಅಂಚಿನಲ್ಲಿ ಕೂರಬಹುದು. ಪೆಟ್ಟಿಗೆ ಮೇಲಿನ ಸಂಖ್ಯೆ ಓದಿ.

ಈಗ 145ನ್ನು ಮೂರರಿಂದ ಗುಣಿಸಿ. 435! ಒಂದೇ ಕೋಲು ಎರಡೂ ಬ್ಯಾಂಡಿಗೆ ದುಡಿಯುವುದು ಈ ಮೂರು ಪಟ್ಟಿನ ನಂಟಿನಿಂದಲೇ. ತೊಂದರೆಯೂ ಅಲ್ಲೇ. ನಿಮ್ಮ ವಿಹೆಚ್‌ಎಫ್ ರಿಪೀಟರ್ 145.500ರಲ್ಲಿ ಕಳಿಸುತ್ತಿದ್ದರೆ ಅದರ ಮೂರನೇ ಹಾರ್ಮೋನಿಕ್ 436.500ರಲ್ಲಿ ಬೀಳುತ್ತದೆ. ಪಕ್ಕದಲ್ಲೇ ಯುಹೆಚ್‌ಎಫ್ ರಿಪೀಟರ್ ಅದೇ ಫ್ರೀಕ್ವೆನ್ಸಿಯನ್ನು ಕೇಳುತ್ತಿದ್ದರೆ ಒಂದು ಮಾತಾಡಿದಾಗಲೆಲ್ಲ ಇನ್ನೊಂದು ಎದ್ದು ಕೂರುತ್ತದೆ. ಹಾಗಾಗಿ ಫ್ರೀಕ್ವೆನ್ಸಿ ಕೇಳಿಕೊಳ್ಳುವ ಮೊದಲೇ ಕಾಗದದ ಮೇಲೆ ಮೂರರ ಮಗ್ಗಿ ಬರೆದುಕೊಳ್ಳಿ. ಎರಡೂ ರಿಪೀಟರ್ ಒಂದೇ ಕೇಬಲ್ಲಿಗೆ ಸೇರಿಸಲು ಡಿಪ್ಲೆಕ್ಸರ್ ಬೇಕು. ಹೆಸರು ಒಂದೇ ಥರ ಕೇಳಿಸುತ್ತದೆ, ಡುಪ್ಲೆಕ್ಸರ್ ಬೇರೆ, ಡಿಪ್ಲೆಕ್ಸರ್ ಬೇರೆ. ಮೊದಲನೆಯದು ಒಂದೇ ಬ್ಯಾಂಡಿನ ಕಳಿಸುವುದು ಕೇಳುವುದನ್ನು ಬೇರ್ಪಡಿಸುತ್ತದೆ, ಎರಡನೆಯದು ಎರಡು ಬ್ಯಾಂಡುಗಳನ್ನು. ತುಕ್ಕು ಹಿಡಿದ ಒಂದು ಬೋಲ್ಟ್ ಕೂಡ ಈ ಮೂರು ಪಟ್ಟಿನ ಸಿಗ್ನಲ್ ಹುಟ್ಟಿಸಬಲ್ಲದು, ಅದು ನಿಮ್ಮ ಆಂಟೆನಾದ್ದೇ ಆಗಿರಬೇಕಿಲ್ಲ, ಟವರ್‌ನದ್ದೂ ಆಗಬಹುದು.

ನೀರು, ಬಿಸಿಲು, ಸಿಡಿಲು

ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ. ಇಂಥ ಕಡೆ ಯಾವ ಕೊಳವೆಯೂ ಪೂರ್ತಿ ಒಣಗಿರುವುದಿಲ್ಲ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾಗುವಾಗ ಕೊಳವೆ ಉಸಿರಾಡುತ್ತದೆ, ಮಂಜನ್ನು ಒಳಗೆಳೆದುಕೊಳ್ಳುತ್ತದೆ. ಅದಕ್ಕೇ ಬುಡದಲ್ಲಿ ಚಿಕ್ಕ ತೂತು ಬಿಟ್ಟಿರುತ್ತಾರೆ, ಒಳಗೆ ಸೇರಿದ ನೀರು ಇಳಿದುಹೋಗಲಿ ಅಂತ. ನಮ್ಮವರು ಏನು ಮಾಡುತ್ತಾರೆ? "ತೂತು ಇದೆ, ನೀರು ಹೋಗುತ್ತೆ" ಅಂತ ಎಂ-ಸೀಲ್ ಮೆತ್ತುತ್ತಾರೆ. ದಯವಿಟ್ಟು ಮುಚ್ಚಬೇಡಿ. ಕೊಳ್ಳುವಾಗ ಆ ತೂತು ಇದೆಯಾ ಅಂತ ಹುಡುಕಿ. ಆಂಟೆನಾವನ್ನು ತಲೆಕೆಳಗಾಗಿ ನೇತುಹಾಕುವ ಯೋಚನೆ ಇದ್ದರೆ ತೂತು ಮೇಲಾಗಿಬಿಡುತ್ತದೆ, ಅದಕ್ಕೆ ಅಂತಲೇ ಮಾಡಿದ ಮಾದರಿ ಬೇಕು.

ಬಿಸಿಲಿನ ಕೆಲಸ ನಿಧಾನ. ನಾಲ್ಕೈದು ವರ್ಷ ಬಿಸಿಲು ತಿಂದ ಅಗ್ಗದ ಫೈಬರ್‌ಗ್ಲಾಸ್ ಮೇಲೆ ಕೈ ಸವರಿ ನೋಡಿ. ಮೇಲ್ಪದರ ಹೋಗಿ ಗಾಜಿನ ನಾರು ಹೊರಗೆ ಬಂದಿರುತ್ತದೆ. ಅಂಗೈಗೆ ಕಣ್ಣಿಗೆ ಕಾಣದ ಮುಳ್ಳು ಚುಚ್ಚುತ್ತದೆ, ಎರಡು ದಿನ ಉರಿ. ಕೈಗವಸು ಇಲ್ಲದೆ ಹಳೆಯ ಕೋಲು ಮುಟ್ಟಬೇಡಿ. ಆ ನಾರುಗಳ ಸಂದಿನಲ್ಲೇ ನೀರು ಒಳಗಿಳಿಯುವುದು. ಮೇಲೆ ದಪ್ಪ ನುಣುಪು ಜೆಲ್‌ಕೋಟೋ ಯುವಿ ತಡೆಯುವ ಬಣ್ಣವೋ ಇರುವ ಆಂಟೆನಾ ತೆಗೆದುಕೊಳ್ಳಿ. ಇಲ್ಲದಿದ್ದರೆ ಏರಿಸುವ ಮೊದಲೇ ಪಾಲಿಯುರೆಥೇನ್ ಬಣ್ಣದ ಎರಡು ಕೋಟು ಹೊಡೆಯಿರಿ. ಲೋಹದ ಪುಡಿ ಇರುವ ಬೆಳ್ಳಿ ಬಣ್ಣ ಮಾತ್ರ ಬೇಡ, ಅದು ಸಿಗ್ನಲ್ಲಿಗೆ ಅಡ್ಡ.

ಸಿಡಿಲು ನೇರ ಬಡಿದರೆ ಫೈಬರ್‌ಗ್ಲಾಸ್ ಕೋಲು ಕಡ್ಡಿಪೊರಕೆ ಹಾಗೆ ಸೀಳಿಹೋಗುತ್ತದೆ, ಒಳಗಿನ ನೀರು ಒಮ್ಮೆಲೇ ಆವಿಯಾಗಿ ಒಡೆಯುತ್ತದೆ. ಯಾವ ಆಂಟೆನಾವೂ ಅದಕ್ಕೆ ತಡೆಯುವುದಿಲ್ಲ. ಆದ್ದರಿಂದ ಆಂಟೆನಾವನ್ನು ಟವರ್ ತುತ್ತತುದಿಗೆ ಹಾಕಬೇಡಿ. ತುದಿ ಸಿಡಿಲುಕಡ್ಡಿಗೆ ಬಿಡಿ. ಆಂಟೆನಾ ಅದರ ಕೆಳಗೆ, ಪಕ್ಕದ ತೋಳಿನ ಮೇಲೆ ಇರಲಿ. ಟವರಿನಿಂದ ಕನಿಷ್ಠ ಒಂದು ಮೀಟರ್ ಆಚೆ. ಕೆಳಗೆ ಕೇಬಲ್ ಕೋಣೆಗೆ ಹೋಗುವ ಜಾಗದಲ್ಲಿ ಸಿಡಿಲಿನ ಹೊಡೆತವನ್ನು ನೆಲಕ್ಕೆ ತಿರುಗಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್ ಹಾಕಿ, ಟವರಿನ ಅರ್ಥಿಂಗಿಗೇ ಸೇರಿಸಿ, ಬೇರೆ ಅರ್ಥಿಂಗ್ ಮಾಡಬೇಡಿ. ಬೆಟ್ಟದ ಮೇಲೆ ಬಂಡೆ, ಗುಂಡಿ ತೋಡಲು ಆಗುವುದಿಲ್ಲ. ಜಿಐ ಪಟ್ಟಿಯನ್ನು ಬಂಡೆ ಸಂದಿನ ಮಣ್ಣಲ್ಲಿ ನಾಲ್ಕು ದಿಕ್ಕಿಗೂ ಉದ್ದಕ್ಕೆ ಹಾಸುವುದೇ ಉಪಾಯ.

ನಟ್ಟು ಬೋಲ್ಟಿನ ಬಗ್ಗೆ ಜಿಪುಣತನ ಬೇಡ. ಜೊತೆಗೆ ಕೊಡುವ ಯು-ಬೋಲ್ಟ್ ಬರೀ ಹೊಳಪಿನ ಝಿಂಕ್ ಪ್ಲೇಟಿಂಗ್ ಆಗಿದ್ದರೆ ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ. ಬಿಸಿ ಗ್ಯಾಲ್ವನೈಸ್ ಮಾಡಿದ್ದೋ ಸ್ಟೇನ್‌ಲೆಸ್ಸೋ ಹಾಕಿ. ಸ್ಟೇನ್‌ಲೆಸ್ ಬೋಲ್ಟ್ ತಲೆ ಮೇಲೆ ಎ2 ಅಂತಿದ್ದರೆ 304 ವರ್ಗ, ಎ4 ಅಂತಿದ್ದರೆ 316 ವರ್ಗ. ಕರಾವಳಿಗೆ ಮುಖ ಮಾಡಿದ ಬೆಟ್ಟವಾದರೆ ಎ4. ದಾರಕ್ಕೆ ಆಂಟಿ-ಸೀಜ್ ಗ್ರೀಸ್ ಹಚ್ಚದೆ ಬಿಗಿದರೆ ಸ್ಟೇನ್‌ಲೆಸ್ ಅಲ್ಲೇ ಕಚ್ಚಿಕೊಂಡು ಕೂರುತ್ತದೆ, ಬಿಚ್ಚಲು ಗರಗಸ ಹೊತ್ತು ಬೆಟ್ಟ ಹತ್ತಬೇಕು.

ಕೇಬಲ್ ಕೆಟ್ಟರೆ ಆಂಟೆನಾ ಏನು ಮಾಡೀತು

ಒಳ್ಳೆ ಆಂಟೆನಾ ತಂದು ಅದಕ್ಕೆ ಆರ್‌ಜಿ213 ಕಟ್ಟುವವರು ಬಹಳ. 30 ಮೀಟರ್ ಆರ್‌ಜಿ213 ಯುಹೆಚ್‌ಎಫ್‌ನಲ್ಲಿ ಸುಮಾರು ನಾಲ್ಕೂವರೆ ಡಿಬಿ ತಿನ್ನುತ್ತದೆ. ನಿಮ್ಮ ಪವರಿನ ಮೂರನೇ ಎರಡು ಪಾಲು ಕೇಬಲ್ ಬಿಸಿ ಮಾಡಲು ಹೋಯಿತು. ಅಷ್ಟೇ ಉದ್ದದ ಅರ್ಧ ಇಂಚಿನ ಸುಕ್ಕುತಾಮ್ರದ ಕೇಬಲ್, ಮೊಬೈಲ್ ಟವರ್‌ಗಳಲ್ಲಿ ಬಳಸುವಂಥದ್ದು, ಒಂದೂವರೆ ಡಿಬಿ ಒಳಗೇ ಮುಗಿಸುತ್ತದೆ. ದೊಡ್ಡ ಆಂಟೆನಾದಿಂದ ಬರುವ ಲಾಭದ ಮೂರನೇ ಎರಡು ಪಾಲು ಇಲ್ಲೇ ಸಿಕ್ಕಿತಲ್ಲ! ಎಲ್‌ಎಂಆರ್400 ಥರದ ಕೇಬಲ್ ನಷ್ಟದ ಲೆಕ್ಕದಲ್ಲಿ ಚೆನ್ನಾಗಿದೆ. ಆದರೆ ಅದರಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ತವರ ಲೇಪಿಸಿದ ತಾಮ್ರದ ಹೆಣಿಗೆ ಇದೆ. ಎರಡು ಬೇರೆ ಲೋಹ ಒಂದಕ್ಕೊಂದು ಉಜ್ಜುತ್ತವೆ. ಮನೆಗೆ ಬಹಳ ಒಳ್ಳೆಯದು, ಒಟ್ಟಿಗೇ ಕಳಿಸಿ ಕೇಳುವ ರಿಪೀಟರ್‌ಗೆ ಅಲ್ಲ. ಬೆಂಗಳೂರಿನ ಎಸ್‌ಪಿ ರೋಡ್ ಕಡೆಯೋ ಹಳೆಯ ಟೆಲಿಕಾಂ ಸಾಮಾನು ಮಾರುವವರ ಬಳಿಯೋ ಅರ್ಧ ಇಂಚಿನ ಕೇಬಲ್ ವಿಚಾರಿಸಿ. ಮಡಚಿದ ಗುರುತು ಇದ್ದರೆ ಬೇಡ.

ಕನೆಕ್ಟರ್ ಮೇಲೆ ಮೊದಲು ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಎಳೆದು ಎಳೆದು ಸುತ್ತಿ. ಅದರ ಮೇಲೆ ಸಾಮಾನ್ಯ ಕಪ್ಪು ಟೇಪ್. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಹೆಂಚು ಹೊದಿಸುವ ಹಾಗೆ, ಮೇಲಿನ ಪದರ ಕೆಳಗಿನದರ ಮೇಲೆ ಬರಬೇಕು. ಕೋಣೆಗೆ ಹೋಗುವ ಮೊದಲು ಕೇಬಲ್ಲಿಗೆ ಕೆಳಮುಖ ಕುಣಿಕೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಹೊತ್ತೊಯ್ಯುವ ಮೊದಲು ಅಂಗಳದಲ್ಲೇ ಪರೀಕ್ಷೆ

ಇದೊಂದನ್ನು ಬಿಡಬೇಡಿ. ಹೊಸ ಆಂಟೆನಾವನ್ನು ಅಂಗಳದಲ್ಲೋ ಗದ್ದೆ ಬಯಲಲ್ಲೋ ಮೂರು ಮೀಟರ್ ಕಂಬಕ್ಕೆ ಕಟ್ಟಿ. ಏರಿಸಲಿರುವ ಅದೇ ಡುಪ್ಲೆಕ್ಸರ್, ಅದೇ ರಿಪೀಟರ್, ಅದೇ ಕೇಬಲ್ ಸೇರಿಸಿ. ಗೆಳೆಯರೊಬ್ಬರನ್ನು ಹ್ಯಾಂಡಿ ಹಿಡಿದು ದೂರ ನಡೆಯಲು ಹೇಳಿ, ಸಿಗ್ನಲ್ ಸೊರಗಿ ಸುರಸುರ ಸದ್ದಿನ ನಡುವೆ ಮಾತು ಅರ್ಥವಾಗುವಷ್ಟು ದೂರಕ್ಕೆ. ಈಗ ರಿಪೀಟರ್ ಕಳಿಸುವುದನ್ನು ಆಫ್ ಮಾಡಿ ಕೇಳಿ, ಆನ್ ಮಾಡಿ ಕೇಳಿ. ಆನ್ ಮಾಡಿದ ಕೂಡಲೇ ಸುರಸುರ ಜಾಸ್ತಿಯಾದರೆ ಎಲ್ಲೋ ಸದ್ದು ಹುಟ್ಟುತ್ತಿದೆ. ಆಂಟೆನಾ ಜಾಗದಲ್ಲಿ ಡಮ್ಮಿ ಲೋಡ್ (ಪವರನ್ನು ಹೊರಗೆ ಬಿಡದೆ ಬಿಸಿಯಾಗಿ ನುಂಗುವ ರೆಸಿಸ್ಟರ್) ಹಾಕಿ, ಅದೇ ದುರ್ಬಲ ಸಿಗ್ನಲ್ಲನ್ನು ಟಿ ಸ್ಯಾಂಪ್ಲರ್ (ಕೇಬಲ್ ನಡುವೆ ಸಣ್ಣ ಸಿಗ್ನಲ್ ಸೇರಿಸಲು ಬಳಸುವ ಕವಲು) ಮೂಲಕ ಒಳಗೆ ಬಿಟ್ಟು ಮತ್ತೆ ನೋಡಿ. ಆಗ ಸದ್ದು ಹೋದರೆ ತಪ್ಪು ಆಂಟೆನಾದ್ದು, ಉಳಿದರೆ ಡುಪ್ಲೆಕ್ಸರ್ ಕಡೆಯದ್ದು.

ಎಲ್ಲ ಸರಿ ಇದೆ ಅನ್ನಿಸಿದ ಮೇಲೆ, ಪವರ್ ಹೋಗುತ್ತಿರುವಾಗಲೇ, ಒಣ ಬಿದಿರು ಕೋಲಿನಿಂದ ಆಂಟೆನಾವನ್ನು ಬುಡದಿಂದ ತುದಿವರೆಗೆ ತಟ್ಟುತ್ತಾ ಹೋಗಿ. ತುದಿಗೆ ಹಗ್ಗ ಕಟ್ಟಿ ಎಳೆದು ಬಿಡಿ, ಗಾಳಿಗೆ ಬಾಗುವಷ್ಟು. ಕೈಯಿಂದ ಮುಟ್ಟಬೇಡಿ. ಒಂದು ಸಲ "ಚರ್" ಅಂದರೂ ಅದು ಬೆಟ್ಟಕ್ಕೆ ಹೋಗಬಾರದು, ಅಂಗಡಿಗೆ ವಾಪಸ್ ಹೋಗಬೇಕು. ಆಮೇಲೆ ಕೊಡದಲ್ಲಿ ನೀರು ಸುರಿದು ಇನ್ನೊಂದು ಸಲ ಮಾಡಿ. ನಾವು ಎರಡನೇ ಸಲ ಕೊಂಡಾಗ ಹೀಗೆ ಅರ್ಧ ದಿನ ಬಡಿದು, ಎಳೆದು, ತೋಯಿಸಿ ಆಮೇಲೆ ಹೊತ್ತುಕೊಂಡು ಹೋದೆವು. ಎರಡು ಮೀಟರ್ ಕೂಡ ಇಲ್ಲದ ಒಂದೇ ತುಂಡಿನ ಕೋಲು. ಪುಷ್ಯ ಮಳೆಯ ಜಡಿಯಲ್ಲಿ ಕೂತು ಕೇಳಿದೆ. ಮಳೆ ಸದ್ದು ಮನೆ ಹೆಂಚಿನ ಮೇಲಿತ್ತು, ರೇಡಿಯೊದಲ್ಲಿ ಇರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ನ್ಯಾನೋವಿಎನ್‌ಎಯಲ್ಲಿ ಎರಡೂ ಬ್ಯಾಂಡಿನ ಗೆರೆ ತೆಗೆದು ಫೋಟೊ ಉಳಿಸಿಕೊಳ್ಳಿ, ದಿನಾಂಕ ಬರೆದು. ಏರಿಸಿದ ಮೇಲೆ ಕೋಣೆಯಿಂದ, ಕೇಬಲ್ ಸೇರಿಸಿ ಇನ್ನೊಂದು. ಮುಂದೆ ಅನುಮಾನ ಬಂದಾಗ ಹೋಲಿಸಲು ಅದೊಂದೇ ಆಧಾರ. ಏರಿಸುವ ಕೆಲಸ ಫೆಬ್ರವರಿ ಮಾರ್ಚ್‌ನಲ್ಲಿ ಮುಗಿಸಿ. ಜಾಗ ಅರಣ್ಯದ್ದಾಗಿದ್ದರೆ ಅನುಮತಿಯ ಕಾಗದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದನ್ನು ದೀಪಾವಳಿ ಕಳೆದ ಕೂಡಲೇ ಶುರು ಮಾಡಿ. ಮೇ ಕೊನೆಯ ವಾರ ಮತ್ತೊಮ್ಮೆ ಹತ್ತಿ. ಎಲ್ಲ ಬೋಲ್ಟ್ ಬಿಗಿ ಇದೆಯಾ, ಟೇಪ್ ಎದ್ದಿದೆಯಾ, ಬುಡದ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಒಂದು ಕಡ್ಡಿಯಿಂದ ಬಿಡಿಸಿ, ಇಳಿದು ಬನ್ನಿ.